ಖಂಡೆ ಪೂಜೆಯ ದಿನ ಎದ್ದ ಗಾಡಿ

ಈಗ ನಮ್ಮ ಓಣಿಯಲ್ಲಿ ಮನೆಗೊಂದು ಕಾರು ಇದೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಅದನ್ನು ಅಂಗಡಿಯವರಿಗೆ ಒಪ್ಪಿಸಿ ಬರುತ್ತಾರೆ. ಸಂಜೆ ಅದು ಥಳಥಳ ಹೊಳೆಯುತ್ತ ವಾಪಸು ಬಂದರೆ ಸರ್ವಿಸ್ ಆಯಿತು ಅನ್ನುತ್ತಾರೆ. ಒಳಗೆ ಏನೇನು ಮಾಡಿದರಪ್ಪ ಎಂದು ಕೇಳಿದರೆ ನನ್ನ ಮೊಮ್ಮಗ ನನ್ನ ಮುಖವನ್ನೇ ನೋಡುತ್ತಾನೆ. ಎಣ್ಣೆ ಎಷ್ಟು ಕಪ್ಪಾಗಿತ್ತು, ಬ್ಯಾಟರಿಗೆ ಯಾವ ನೀರು ಹಾಕಿದರು, ಅವನಿಗೆ ಒಂದೂ ಗೊತ್ತಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ. ಮುದುಕಿಗೆ ಕಾರಿನ ಉಸಾಬರಿ ಯಾಕೆ ಎಂದು ಸೊಸೆ ಅಡುಗೆಮನೆಯಿಂದ ನಗುತ್ತಾಳೆ. ನಗಲಿ ಬಿಡಿ. ಅವಳು ಹುಟ್ಟುವುದಕ್ಕಿಂತ ಮೊದಲೇ ನಾನು ಒಂದು ಕಾರಿನ ಪ್ಲಗ್ಗುಗಳನ್ನು ಗಾಸಲೇಟಿನಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ತಿಕ್ಕಿ ತೊಳೆದವಳು.

ನಾನು ಮದುವೆಯಾಗಿ ಬೀದರಿಗೆ ಬಂದಾಗ ನಿಜಾಮರ ರಾಜ್ಯ. ನನ್ನ ಯಜಮಾನರು ಡಾಕ್ಟರು. ಹಳೆಯ ಊರಿನಲ್ಲಿ ಮುಂದೆ ದವಾಖಾನೆ, ಹಿಂದೆ ಮನೆ, ಪಕ್ಕದಲ್ಲಿ ತಗಡು ಹೊದಿಸಿದ ಒಂದು ಕೊಟ್ಟಿಗೆ. ಮೊದಲು ಆಕಳು ಕಟ್ಟುತ್ತಿದ್ದ ಆ ಕೊಟ್ಟಿಗೆಯಲ್ಲಿ ನಾನು ಬರುವ ಹೊತ್ತಿಗೆ ಕಾರು ನಿಂತಿತ್ತು. ವಾರಕ್ಕೊಮ್ಮೆ ಭಾಲ್ಕಿಗೆ, ಇನ್ನೊಮ್ಮೆ ಔರಾದಿಗೆ ಹೋಗಿ ಯಜಮಾನರು ರೋಗಿಗಳನ್ನು ನೋಡಿ ಬರುತ್ತಿದ್ದರು, ಅದಕ್ಕಾಗಿ ಕೊಂಡದ್ದು. ಕರೀ ಬಣ್ಣದ ಸಣ್ಣ ಗಾಡಿ. ನಾಲ್ಕು ಮಂದಿ ಕೂಡಬಹುದು, ನಾಲ್ಕನೆಯವರು ಉಸಿರು ಬಿಗಿಹಿಡಿದರೆ. ನಮ್ಮ ಅತ್ತೆ ಮೊದಲ ಸಲ ಅದರಲ್ಲಿ ಕೂತು ಇಳಿದಾಗ, “ಇದು ಗಾಡಿನೋ, ರೊಟ್ಟಿ ಇಡೋ ಡಬ್ಬಿನೋ?” ಎಂದಿದ್ದರಂತೆ.

ಆ ಗಾಡಿಯನ್ನು ನಡೆಸುತ್ತಿದ್ದವರು, ಅದಕ್ಕಿಂತ ಹೆಚ್ಚಾಗಿ ಅದನ್ನು ಸಾಕುತ್ತಿದ್ದವರು ಊರಿಗೆ ಹತ್ತಿರದ ನೌಬಾದಿನ ಒಬ್ಬ ಸಾಬರು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ನಾನು ಚಾಚಾ ಎನ್ನುತ್ತಿದ್ದೆ. ಎದೆಯವರೆಗೆ ಇಳಿದ ಗಡ್ಡ, ತಲೆಗೆ ಬಿಳಿ ಟೊಪ್ಪಿಗೆ, ಭುಜದ ಮೇಲೆ ಸದಾ ಒಂದು ಅರಿವೆ. ಆ ಅರಿವೆ ಗಾಡಿಯದು. ಅದರಿಂದ ಬೆವರು ಒರೆಸಿಕೊಂಡದ್ದನ್ನು ಸಹ ನಾನು ಕಂಡಿಲ್ಲ. ಬೆಳಿಗ್ಗೆ ಬಂದವರೇ ಯಾರನ್ನೂ ಮಾತಾಡಿಸದೆ ಕೊಟ್ಟಿಗೆಗೆ ಹೋಗಿ ಬಾನೆಟ್ಟು ಎತ್ತಿ ಮೂಸಿ ನೋಡುತ್ತಿದ್ದರು. ಎಣ್ಣೆಯ ಕಡ್ಡಿ ಎಳೆದು ಎರಡು ಬೆರಳ ನಡುವೆ ತಿಕ್ಕಿ ನೋಡುವರು. ಮುಂದಿನ ನೀರಿನ ಹಂಡೆ ತುಂಬುವರು. ಗಾಲಿಗಳನ್ನು ಒಂದೊಂದಾಗಿ ಒದ್ದು, ಸದ್ದು ಕೇಳಿ, ಗಾಳಿ ಕಮ್ಮಿಯಾದದ್ದಕ್ಕೆ ಪಂಪು ಹಚ್ಚುವರು. ಇದೆಲ್ಲ ಮುಗಿದ ಮೇಲೆಯೇ ಅವರ ಬಾಯಿಂದ ಮನುಷ್ಯರ ಜೊತೆ ಮಾತು.

ಬ್ಯಾಟರಿಯ ನೀರಿನದು ಒಂದು ದೊಡ್ಡ ಕಥೆ. ನಮ್ಮ ಬಾವಿಯ ನೀರು ಅದಕ್ಕೆ ಆಗುತ್ತಿರಲಿಲ್ಲ, ಅದರಲ್ಲಿ ಸುಣ್ಣ. ಹಾಗಾಗಿ ಮಳೆಗಾಲದಲ್ಲಿ ಎರಡು ಮಳೆ ಹೋಗಗೊಟ್ಟು, ಆಕಾಶ ತೊಳೆದ ಮೇಲೆ, ಅಂಗಳದ ನಡುವೆ ಬಿಳಿ ಪಂಚೆ ಕಟ್ಟಿ ಅದರ ಕೆಳಗೆ ಭರಣಿ ಇಟ್ಟು ಚಾಚಾ ಮಳೆನೀರು ಹಿಡಿಯುತ್ತಿದ್ದರು. ತಾಮ್ರ ಕೂಡದು, ಕಬ್ಬಿಣ ಕೂಡದು, ಕೈ ಸೋಕಕೂಡದು. ಭರಣಿ ಅತ್ತೆಯದು, ಉಪ್ಪಿನಕಾಯಿಯದು. ಅದನ್ನು ಕೊಡುವಾಗ ಅವರು ಮುಖ ಊದಿಸಿಕೊಂಡಿದ್ದರಂತೆ. ಇತ್ತ ಅತ್ತೆಯ ಲಿಂಗಪೂಜೆಯ ನೀರನ್ನೂ ಯಾರೂ ಮುಟ್ಟುವಂತಿಲ್ಲ. ಅಡುಗೆಮನೆಯಲ್ಲಿ ಒಂದು ಮಡಿ, ಕೊಟ್ಟಿಗೆಯಲ್ಲಿ ಇನ್ನೊಂದು. ನಾನು ಹೊಸ ಸೊಸೆ, ನಡುವೆ ಓಡಾಡುವವಳು. ಕೈ ಎತ್ತಿದರೆ ಅಲ್ಲೊಬ್ಬರು, “ಮುಟ್ಟಬ್ಯಾಡ!” ಇಲ್ಲೊಬ್ಬರು, “ಮುಟ್ಟಬ್ಯಾಡ್ರಿ ಅಕ್ಕಾರ!” ನನಗೆ ಸಾಕುಸಾಕಾಗಿ ಒಂದು ದಿನ, “ನಾ ಎಲ್ಲಿ ನೀರು ಕುಡೀಲಿ ಹೇಳ್ರಿ, ಇಬ್ಬರೂ ಕೂಡಿ ಹೇಳ್ರಿ” ಎಂದು ಬಾಗಿಲಲ್ಲಿ ಕೂತುಬಿಟ್ಟೆ. ಅತ್ತೆ ನಕ್ಕದ್ದನ್ನು ಮೊದಲು ನೋಡಿದ್ದು ಅವತ್ತು.

ಆಮೇಲೆ ಚಾಚಾ ನನ್ನನ್ನು ಹತ್ತಿರ ಬಿಟ್ಟುಕೊಂಡರು. ಪ್ಲಗ್ಗು ಬಿಚ್ಚಿ ಕೊಟ್ಟರೆ ನಾನು ಗಾಸಲೇಟಿನಲ್ಲಿ ಅದ್ದಿ ಮಸಿ ತಿಕ್ಕುತ್ತಿದ್ದೆ. ಸೀಟಿನ ಚರ್ಮಕ್ಕೆ ಎಣ್ಣೆ ಸವರುತ್ತಿದ್ದೆ. ಯಜಮಾನರಿಗೆ ಇದಾವುದೂ ಬೇಡ. ಅವರು ಗಾಡಿ ನಡೆಸಬಲ್ಲರು, ಆದರೆ ಅವರು ಗೇರು ಹಾಕಿದರೆ ಚಾಚಾ ತಮಗೇ ಹಲ್ಲುನೋವು ಬಂದವರ ಹಾಗೆ ಗಲ್ಲ ಹಿಡಿದುಕೊಳ್ಳುತ್ತಿದ್ದರು.

ವರ್ಷದ ದೊಡ್ಡ ಕೆಲಸ ದಸರೆಗೆ. ಬನ್ನಿ ಹಬ್ಬದ ಹಿಂದಿನ ದಿನ ನಮ್ಮಲ್ಲಿ ಖಂಡೆ ಪೂಜೆ. ಮನೆಯಲ್ಲಿ ದುಡಿಯುವ ಸಾಮಾನೆಲ್ಲ ಅವತ್ತು ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ಹೂ ಮುಡಿದು ಕೂಡುತ್ತವೆ. ಬೀಸುವ ಕಲ್ಲು, ಕುಡುಗೋಲು, ಯಜಮಾನರ ಕತ್ತರಿ ಚೂರಿ. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಎಬ್ಬಿಸುವಂತಿಲ್ಲ, ಅಂದರೆ ಅದರಿಂದ ಕೆಲಸ ತೆಗೆಯುವಂತಿಲ್ಲ. ಒಂದು ವಾರ ಮೊದಲಿನಿಂದ ಚಾಚಾ ಗಾಡಿಯ ಕೆಳಗೆ ಮಲಗುತ್ತಿದ್ದರು. ಹಳೆಯ ಎಣ್ಣೆ ಇಳಿಸಿ ಹೊಸದು ತುಂಬುವರು. ಗಾಲಿಯ ಮೇಲಿನ ಕಮಾನು ಪಟ್ಟಿಗಳ ನಡುವೆ ಗ್ರೀಸು. ಬ್ರೇಕು ಬಿಗಿಮಾಡಿ, ಹಂಡೆಯ ಕೆಸರು ತೆಗೆದು, ಕೊನೆಗೆ ಮೈತೊಳೆದು ಅಂಗಳದಲ್ಲಿ ತಂದು ನಿಲ್ಲಿಸುವರು.

ಅದಕ್ಕೆ ಪೂಜೆ ಯಾರು ಮಾಡಬೇಕು ಎಂಬ ಪ್ರಶ್ನೆ ನಾನು ಬರುವ ಮೊದಲೇ ಬಗೆಹರಿದಿತ್ತು. ಮೊದಲ ವರ್ಷ ಯಜಮಾನರು ತಾಟು ಹಿಡಿದು ಮುಂದಾದಾಗ ಅತ್ತೆ ಗದರಿದ್ದರಂತೆ.

“ನೀ ಬರೇ ಅದರಾಗ ಕುಂಡ್ರಾಂವ. ವರ್ಷಪೂರ್ತಿ ಅದರ ಸೇವಾ ಮಾಡಿದಾಂವ ಇಲ್ಲಿ ನಿಂತಾನಲ್ಲ, ಅಂವ ಮಾಡಲಿ.”

ಚಾಚಾ ಗಾಬರಿಯಾಗಿ ಟೊಪ್ಪಿಗೆ ಸರಿಮಾಡಿಕೊಂಡರಂತೆ. ಸ್ವಲ್ಪ ಯೋಚಿಸಿ, “ಕೈ ನಂದು ಇರಲಿ ಅವ್ವಾರ, ಬಾಯಿ ನಿಮ್ದು ಇರಲಿ” ಎಂದರಂತೆ. ಅದೇ ಪದ್ಧತಿಯಾಯಿತು. ಅವರು ಮೂರು ಬೆರಳಿನಿಂದ ಬಾನೆಟ್ಟಿಗೆ ವಿಭೂತಿ ಎಳೆಯುವರು, ಗಾಲಿಗೊಂದು ನಿಂಬೆಹಣ್ಣು ಇಡುವರು, ಕರ್ಪೂರ ಬೆಳಗಿ ಕಾಯಿ ಒಡೆಯುವರು. ಅತ್ತೆ ಪಕ್ಕದಲ್ಲಿ ನಿಂತು “ಹರ ಹರ ಮಹಾದೇವ” ಎನ್ನುವರು. ಚಾಚಾನ ತುಟಿ ಅಲುಗುತ್ತಿರಲಿಲ್ಲ. ಅಲುಗಬೇಕೆಂದು ಯಾರೂ ಬಯಸಿದ್ದೂ ಇಲ್ಲ. ಕಾಯಿಯ ಮೊದಲ ಹೋಳು ಅವರಿಗೆ. ಅದನ್ನು ಆ ಗಾಡಿಯ ಅರಿವೆಯಲ್ಲೇ ಕಟ್ಟಿಕೊಂಡು ನೌಬಾದಿಗೆ ಹೋಗುವರು. ವರ್ಷದಲ್ಲಿ ಅದೊಂದು ದಿನ ಅರಿವೆಗೆ ಬೇರೆ ಕೆಲಸ.

ಆಮೇಲೆ ಆ ಕೆಟ್ಟ ವರ್ಷ ಬಂತು. ಪೆಟ್ರೋಲು ನಿಂತುಹೋಯಿತು. ನಮ್ಮವರು ಟಾಂಗಾದಲ್ಲಿ ಓಡಾಡತೊಡಗಿದರು. ಚಾಚಾ ಗಾಡಿಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದರು, ಟಾಯರಿನ ಮೇಲೆ ಭಾರ ಬೀಳದಿರಲೆಂದು. “ಓಡಾಡೋ ಗಾಡಿ ತನ್ನ ಆರೋಗ್ಯ ತಾನೇ ನೋಡ್ಕೋತದರಿ ಅಕ್ಕಾರ. ನಿಂತದ್ದಕ್ಕೇ ಜಾಸ್ತಿ ನೋಡಬೇಕು” ಎಂದು ದಿನವೂ ಬಂದು ಹ್ಯಾಂಡಲು ತಿರುಗಿಸಿ ಹೋಗುವರು. ಇಲಿ ವೈರು ಕಡಿಯದಂತೆ ಒಳಗೆ ಬೇವಿನ ಸೊಪ್ಪು ಇಡುವರು. ಊರಲ್ಲಿ ನಿಜಾಮರ ಪರ ನಿಂತ ರಜಾಕಾರರ ಅಂಜಿಕೆ. ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದು, ಮಂದಿ ಗಡಿ ದಾಟಿ ಹೋಗಿದ್ದರು. ಒಂದು ಮಧ್ಯಾಹ್ನ ಬಂದೂಕು ಹಿಡಿದ ಕೆಲವರು ಬಂದು ಗಾಡಿ ಬೇಕೆಂದು ಕೇಳಿದರು. ಚಾಚಾ ಬಾನೆಟ್ಟು ಎತ್ತಿ ತೋರಿಸಿ, “ಮರಾ ಸೋ ಘೋಡಾ ಹೈ ಮಿಯಾಂ” ಎಂದರು, ಸತ್ತ ಕುದುರೆ ಇದು ಎಂದು. ಬಂದವರು ಹ್ಯಾಂಡಲು ಹೊಡೆದು ಹೊಡೆದು ಬೆವರಿ, ಬೈದು ಹೋದರು. ಕಿಡಿ ಕೊಡುವ ಒಂದು ಸಣ್ಣ ತುಂಡು ಅಷ್ಟು ಹೊತ್ತೂ ಚಾಚಾನ ಜೇಬಿನಲ್ಲಿತ್ತು. ಅವರು ಹೋದ ಮೇಲೆ ಅದನ್ನು ಮತ್ತೆ ಅದರ ಜಾಗಕ್ಕೆ ಕೂಡಿಸಿದರು.

ಮಳೆಗಾಲ ಮುಗಿಯುತ್ತ ಬಂದಾಗ ಸಂತಪುರದಲ್ಲಿ ಅವರ ಅಕ್ಕ ಜ್ವರ ಬಂದು ಮಲಗಿದಳೆಂದು ಚಾಚಾ ನೋಡಲು ಹೋದರು. ಅವರು ಹೋದ ಎರಡು ಮೂರು ದಿನಕ್ಕೇ ಹಿಂದೂಸ್ತಾನದ ಫೌಜು ಒಳಗೆ ಬಂತು. ಪೋಲೀಸ್ ಆಕ್ಷನ್ ಎಂದು ಈಗ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ನಮಗೆ ಅದು ಅಂಜಿಕೆ ಒಂದು ಮನೆಯಿಂದ ಎದ್ದು ಎದುರುಮನೆಗೆ ಹೋದ ವಾರ. ನಾವು ಬಾಗಿಲು ತೆರೆದೆವು, ಎದುರಿನ ಸಾಬರು ಮುಚ್ಚಿಕೊಂಡರು. ಹಳ್ಳಿಗಳ ಕಡೆಯಿಂದ ಬರುವ ಸುದ್ದಿ ಕೇಳಲಾಗುತ್ತಿರಲಿಲ್ಲ. ಗಡ್ಡ ಇದ್ದರೆ ಸಾಕಿತ್ತು.

ಚಾಚಾ ಬರಲಿಲ್ಲ. ಅವರ ಹೆಂಡತಿಯನ್ನು ಅತ್ತೆಯೇ ಟಾಂಗಾ ಕಳಿಸಿ ಕರೆಸಿ, ಹಿಂದಿನ ಕೋಣೆಯಲ್ಲಿ ಇರಿಸಿದರು. ಆಕೆ ಅಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಗಾಡಿಯ ಧೂಳು ಒರೆಸುತ್ತಿದ್ದಳು. ನಾನು ಬ್ಯಾಟರಿಗೆ ನೀರು ಹಾಕಿದರೆ ಆಕೆ ಭರಣಿ ಹಿಡಿಯುವಳು. “ಅವರು ಬಂದು ನೋಡಿದ್ರ ನಮ್ಮಿಬ್ಬರಿಗೂ ಬೈತಾರ್ರಿ, ಹಿಂಗ ಒರಸ್ತಾರೇನು ಅಂತ” ಎನ್ನುವಳು. ಬೈಯಲಿ ದೇವರೇ, ಬಂದು ಬಾಯಿ ತುಂಬ ಬೈಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಖಂಡೆ ಪೂಜೆ ಬಂತು. ಗಾಡಿಯನ್ನು ಕಲ್ಲಿನಿಂದ ಇಳಿಸಿ, ಅಂಗಳಕ್ಕೆ ತಳ್ಳಿ, ನಾವಿಬ್ಬರೇ ತೊಳೆದೆವು. ಚೆಂಡು ಹೂವಿನ ಮಾಲೆ ಹಾಕಿದೆವು. ತಾಟು ಸಿದ್ಧವಿತ್ತು. ಮನೆಯ ಮಿಕ್ಕ ಸಾಮಾನಿಗೆಲ್ಲ ಪೂಜೆ ಮುಗಿಸಿದ ಅತ್ತೆ ಗಾಡಿಯ ಮುಂದೆ ಬಂದು ನಿಂತರು. ಯಜಮಾನರು ಕೈಚಾಚಿದರೆ ತಾಟು ಕೊಡಲಿಲ್ಲ.

ಆ ಹೊತ್ತಿಗೆ ಬಾಗಿಲಲ್ಲಿ ಕಂಬಳಿ ಹೊದ್ದ ಒಬ್ಬ ಮುದುಕ ಬಂದು ನಿಂತ. ಸಂತಪುರದ ಕುರುಬ. ಕತ್ತಲಿದ್ದಾಗಲೇ ಎದ್ದು ನಡೆಯುತ್ತ ಬಂದಿದ್ದ.

“ನಿಮ್ಮ ಮೋಟಾರದಂವ ನಮ್ಮ ಕುರಿ ಹಟ್ಟ್ಯಾಗ ಅದಾನ್ರಿ, ಅಂವಂದ ಅಕ್ಕನ ಮನಿಯವರೆಲ್ಲ ಎಲ್ಲೋ ಓಡಿ ಹೋದ್ರು. ಇಂವಗ ಹೋಗ್ಲಿಕ್ಕೆ ಆಗಲಿಲ್ಲ, ಕಾಲು ಉಳುಕಿತ್ತು. ನಾವು ಇಟ್ಕೊಂಡೀವಿ. ಆದ್ರ ನಿನ್ನಿಲಿಂದ ಮಂದಿ ಕೇಳ್ಲಕತ್ತಾರ, ಹಟ್ಟ್ಯಾಗ ಯಾರು ಅದಾರಂತ. ಇವತ್ತ ಎಲ್ಲರೂ ಪೂಜಾದಾಗ ಇರ್ತಾರ, ದಾರಿ ಖಾಲಿ. ನಾಳಿ ಬನ್ನಿ ಮುಡೀಲಿಕ್ಕೆ ಊರೇ ಹೊರಗ ಬರ್ತದ. ಒಯ್ಯೂದಿದ್ರ ಇವತ್ತೇ ಒಯ್ಯಿರಿ.”

ಚಾಚಾನ ಹೆಂಡತಿ ಒದ್ದೆ ಅರಿವೆ ಹಿಡಿದುಕೊಂಡೇ ಕೆಳಗೆ ಕೂತಳು.

ಟಾಂಗಾದಲ್ಲಿ ತಂದರೆ ಚಾಚಾ ಬಯಲಲ್ಲಿ ಎಲ್ಲರಿಗೂ ಕಾಣುತ್ತಾರೆ. ಗಾಡಿಯೇ ಬೇಕು. ಆದರೆ ಖಂಡೆ ಪೂಜೆಯ ದಿನ ಗಾಡಿ ಎಬ್ಬಿಸುವುದು ಹೇಗೆ? ಎಲ್ಲರೂ ಅತ್ತೆಯ ಮುಖ ನೋಡಿದೆವು.

“ಹಿಂಗ ಯಾಕ ನೋಡ್ಲಕತ್ತೀರಿ?” ಎಂದರು ಅತ್ತೆ. “ಪೂಜಾ ಆಗ್ಯದೇನು ಇದಕ? ಆಗಿಲ್ಲ. ಆಗೂತನ ಅದು ಬರೇ ತಗಡು. ನಡೀರಿ.”

ತಾಟನ್ನು ಮಡಿಲಲ್ಲಿ ಇಟ್ಟುಕೊಂಡು ತಾವೇ ಮೊದಲು ಹತ್ತಿ ಕೂತರು. ಯಜಮಾನರು ಡಬ್ಬಿಯಲ್ಲಿ ಉಳಿಸಿದ್ದ ಪೆಟ್ರೋಲು ಸುರಿದರು. ಹ್ಯಾಂಡಲು ಎರಡು ಸುತ್ತು ತಿರುಗಿಸುವುದರಲ್ಲಿ ಗಾಡಿ ಗುಡುಗಿತು. ಇಷ್ಟು ತಿಂಗಳು ನಿಂತ ಗಾಡಿ! ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಎಲ್ಲಿಗೆ ಹೊರಟಿದ್ದೇವೆ ಎಂಬುದನ್ನು ಒಂದು ಗಳಿಗೆ ಮರೆತೆ. ಹೊರಡುವ ಮುಂಚೆ ಯಜಮಾನರು ಒಂದು ಉಪಾಯ ಮಾಡಿದರು. ಮನೆಯಲ್ಲಿ ಉಳಿದಿದ್ದ ಮಾಲೆಗಳನ್ನೆಲ್ಲ ತಂದು ಗಾಡಿಗೆ ಕಟ್ಟಿಸಿದರು. ಇಷ್ಟು ಹೂವಿದ್ದರೆ ದೂರದಿಂದಲೇ ಹಿಂದೂಗಳ ಗಾಡಿ ಎಂದು ಗೊತ್ತಾಗುತ್ತದೆ, ಯಾರೂ ತಡೆಯುವುದಿಲ್ಲ ಎಂದರು. ನಮಗೂ ಸರಿ ಅನ್ನಿಸಿತು. ಮೂರು ಜನ ತಿಳಿದವರು, ಒಬ್ಬರಿಗಾದರೂ ಹೊಳೆಯಬೇಡವೇ?

ಕುರುಬ ಮುಂದೆ ಕೂತು ದಾರಿ ತೋರಿಸಿದ. ಮಾಂಜ್ರಾ ಹೊಳೆ ದಾಟಿ ಹೋಗುವಾಗ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಂತಪುರದ ಹೊರಗೆ, ಊರಿಗೆ ಮೊದಲೇ, ಕುರುಬನ ಹಟ್ಟಿ. ಗಾಡಿ ನಿಂತ ಕೂಡಲೇ ಕುರಿಗಳ ನಡುವಿನಿಂದ ಒಬ್ಬ ಮನುಷ್ಯ ಎದ್ದು ಬಂದ. ಧೋತರ, ಕಂಬಳಿ, ತಲೆಗೆ ಕೆಂಪು ರುಮಾಲು. ನಾನು ಅವನ ಹಿಂದೆ ಚಾಚಾನನ್ನು ಹುಡುಕಿದೆ. ಅವರೇ ಚಾಚಾ. ಉಣ್ಣೆ ಕತ್ತರಿಸುವ ಕತ್ತರಿಯಿಂದ ಕುರುಬರು ಅವರ ಗಡ್ಡ ಕತ್ತರಿಸಿ ಹಾಕಿದ್ದರು. ಗಲ್ಲವೆಲ್ಲ ಗಾಯ. ಗಡ್ಡವಿಲ್ಲದ ಆ ಮುಖ ಎಷ್ಟು ಸಣ್ಣದಿತ್ತು! ನನಗೆ ಅಳು ಒತ್ತರಿಸಿ ಬಂತು. ಅವರು ಮಾತ್ರ ಗಾಡಿಯನ್ನೇ ನೋಡುತ್ತ, “ಇಂಜಿನ್ ಕಾದದ್ರಿ ಡಾಕ್ಟರ್ ಸಾಬ್, ವಾಸನಿ ಬರ್ಲಕತ್ತದ” ಎಂದರು.

ಅತ್ತೆ ಗದರಿದರು. “ಮೊದಲು ಒಳಗ ಬಾ ತಮ್ಮಾ. ನಿನ್ನ ಗಾಡಿ ಪಂಚಾಯ್ತಿ ಆಮ್ಯಾಲ.”

ಹಿಂದಿನ ಸೀಟಿನ ಕೆಳಗೆ ಅವರನ್ನು ಮಲಗಿಸಿ ಮೇಲೆ ಕಂಬಳಿ ಹಾಕಿ, ಅದರ ಮೇಲೆ ನಾವಿಬ್ಬರು ಕಾಲಿಟ್ಟು ಕೂತೆವು. ಕುರುಬನಿಗೆ ಏನು ಹೇಳಬೇಕೋ ತಿಳಿಯದೆ ಅತ್ತೆ ಕೈಮುಗಿದರು. ಆತ, “ಅಯ್ಯ, ಹೋಗ್ರಿ ಹೋಗ್ರಿ, ಜಲ್ದಿ ಹೋಗ್ರಿ” ಎಂದು ಕುರಿಗಳನ್ನು ಗಾಡಿಯ ಮುಂದಿನಿಂದ ಸರಿಸಿದ.

ಅರ್ಧ ದಾರಿಗೆ ಗಾಡಿಯ ಮೂತಿಯಿಂದ ಹೊಗೆಯಂತೆ ಹಬೆ ಏಳತೊಡಗಿತು. ಯಜಮಾನರು ನಡೆಸಿಯೇ ನಡೆಸಿದರು. ಕಾಲಡಿಯಲ್ಲಿ ಕಂಬಳಿ ಅಲುಗಿತು. “ನಿಲ್ಲಸ್ರಿ ಸಾಬ್! ಇಂಜಿನ್ ಹಿಡೀತದ, ಮತ್ತ ಏಳಂಗಿಲ್ಲ, ನಿಲ್ಲಸ್ರಿ!” ಒಂದು ಹಳ್ಳದ ಹತ್ತಿರ ಗಾಡಿ ನಿಂತಿತು. ನಾವು ಬೇಡ ಬೇಡ ಅನ್ನುತ್ತಿರುವಾಗಲೇ ಚಾಚಾ ಇಳಿದು, ಕುಂಟುತ್ತ ಹೋಗಿ ಬಾನೆಟ್ಟು ಎತ್ತಿದರು. ಹಂಡೆಯಿಂದ ಇಂಜಿನ್ನಿಗೆ ನೀರು ಒಯ್ಯುವ ರಬ್ಬರಿನ ಕೊಳವೆ, ಅಷ್ಟು ದಿನ ಒಣಗಿ ನಿಂತದ್ದು, ಸೀಳಿತ್ತು. ದಸರೆಗೆ ಮೊದಲು ಅವರು ನೋಡುತ್ತಿದ್ದದ್ದೇ ಇದನ್ನು. ನಮಗೆ ತಿಳಿದಿರಲಿಲ್ಲ. ಅತ್ತೆ ಸೆರಗಿನ ಅಂಚು ಹರಿದುಕೊಟ್ಟರು. ಅದನ್ನು ಬಿಗಿಯಾಗಿ ಸುತ್ತಿ, ನಾನು ಹಳ್ಳದಿಂದ ತಂದ ನೀರನ್ನು ಅವರು ಹುಯ್ಯುತ್ತಿರುವಾಗ, ಹೊಲದ ಕಡೆಯಿಂದ ಐದಾರು ಮಂದಿ ಬಂದು ಸುತ್ತ ನಿಂತರು. ಮುಂದಿದ್ದವನ ಕೈಯಲ್ಲಿ ಕೊಡಲಿ. ಚಾಚಾಗೆ ಒಳಗೆ ಹೋಗಲು ಹೊತ್ತೇ ಸಿಗಲಿಲ್ಲ.

“ಎಲ್ಲಿಂದ ಬಂದೀರಿ?”

“ಔರಾದ ಕಡೆ ಪೇಷಂಟ್ ನೋಡ್ಲಿಕ್ಕೆ ಹೋಗಿದ್ದಿವಿ” ಎಂದರು ಯಜಮಾನರು.

ಕೊಡಲಿಯವನು ಮಾಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. “ಖಂಡಿ ಪೂಜಾದ ಗಾಡಿ ಅಲ್ಲೇನ್ರಿ ಇದು? ಹೂ ಹಾಕಿದ ಗಾಡಿ ಯಾರರ ಎಬ್ಬಸ್ತಾರೇನು? ನಮ್ಮ ಮಂದಿ ಇದನ್ನ ಮಾಡ್ತಾರೇನು? ಯಾರ ಗಾಡಿ ಇದು, ಖರೆ ಹೇಳ್ರಿ. ಇಷ್ಟು ಹೂ ಹಾಕಿ ಯಾರಿಗಿ ಮುಚ್ಚಲಕತ್ತೀರಿ?”

ಬರೀ ಗಾಡಿ ಆಗಿದ್ದರೆ ಡಾಕ್ಟರ ಗಾಡಿ ಎಂದು ಬಿಟ್ಟುಬಿಡುತ್ತಿದ್ದರೇನೋ. ನಮ್ಮ ಹೂವೇ ನಮ್ಮನ್ನು ಹಿಡಿದುಕೊಟ್ಟಿತ್ತು.

ಅತ್ತೆ ಬಾಗಿಲು ತೆರೆದು ಕೆಳಗೆ ಇಳಿದರು. “ನಿನ್ನ ಕೊಡ್ಲಿ ಯಾರು ಎಬ್ಬಿಸ್ಯಾರೋ ಪುಣ್ಯಾತ್ಮಾ? ನಿಮ್ಮನ್ಯಾಗ ಕೊಡ್ಲಿಗಿ ಪೂಜಾ ಇಲ್ಲೇನು? ಮುಂಜಾನೆ ವಿಭೂತಿ ಹಚ್ಚಿಸ್ಕೊಂಡು ಕುಂಡ್ರೂ ಸಾಮಾನ ಹಿಡಕೊಂಡು ಅಡವ್ಯಾಗ ತಿರಗ್ತಿ, ನಿಮ್ಮವ್ವ ಏನೂ ಅನ್ನಲಿಲ್ಲೇನು?”

ಹಿಂದಿದ್ದ ಒಬ್ಬ ಕಿಸಕ್ಕನೆ ನಕ್ಕ. ಕೊಡಲಿಯವನು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡ. ಅತ್ತೆ ಬಿಡಲಿಲ್ಲ. “ಈ ಗಾಡಿಗಿ ಪೂಜಾ ಆಗಿಲ್ಲ. ಅದಕ್ಕೇ ಹೊರಗ ಬಂದದ. ಇಕಾ ನೋಡು, ತಾಟ ನನ್ನ ಕೈಯಾಗೇ ಅದ. ಮನಿಗಿ ಹೋಗಿ ಮಾಡಬೇಕು, ದಾರಿ ಬಿಡು.”

ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಆದರೆ ಅವನಿಗೆ ತನ್ನವರ ಮುಂದೆ ಮುಖಭಂಗವಾಗಿತ್ತು. “ಹಂಗಿದ್ರ ಇಲ್ಲೇ ಮಾಡಸ್ರಿ, ನಾವೂ ನೋಡ್ತೀವಿ” ಎಂದ. ಚಾಚಾನ ಕಡೆ ಗದ್ದ ಎತ್ತಿ, “ಇಂವ ಯಾರು? ಡ್ರೈವರ್ ಅಲ್ಲ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, “ಇವನೇ ಮಾಡಲಿ” ಎಂದ.

ಚಾಚಾ ಕೈಗೆ ಹತ್ತಿದ್ದ ಮಸಿ ತೊಳೆದುಕೊಂಡರು. ತಾಟು ತೆಗೆದುಕೊಂಡರು. ಬಾನೆಟ್ಟು ಇನ್ನೂ ಕುದಿಯುತ್ತಿತ್ತು, ಆ ಬಿಸಿ ತಗಡಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಒಂದು ಗೆರೆಯೂ ಡೊಂಕಾಗಲಿಲ್ಲ. ಕುಂಕುಮ ಇಟ್ಟರು. ಗಾಲಿಗೊಂದು ನಿಂಬೆಹಣ್ಣು. ಕರ್ಪೂರ ಹಚ್ಚಿ ಎತ್ತಿದಾಗ ಅತ್ತೆ ವಾಡಿಕೆಯಂತೆ, “ಹರ ಹರ...” ಎಂದು ಶುರುಮಾಡಿದರು.

“ನೀವು ಸುಮ್ಮಕಿರ್ರಿ ಅವ್ವಾ,” ಎಂದ ಕೊಡಲಿಯವನು. “ಮಾಡಾಂವ ಅನ್ನಲಿ. ಇವಗ ಬಾಯಿ ಇಲ್ಲೇನು?”

ಕರ್ಪೂರ ಉರಿಯುತ್ತಿತ್ತು. ಚಾಚಾ ಒಮ್ಮೆ ಅತ್ತೆಯ ಕಡೆ ನೋಡಿದರು. ಅತ್ತೆ ನೆಲ ನೋಡುತ್ತಿದ್ದರು. ಚಾಚಾ ಅಂದರು. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಅಂದರು. ಆ ಮಂದಿಯೂ ಕೂಗಿ ಕೂಡಿಸಿದರು. ಕಾಯಿ ಒಡೆದು ಹೋಳು ಕೊಟ್ಟಾಗ ಅವರು ಎರಡೂ ಕೈಯೊಡ್ಡಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ಕೊನೆಗೆ ಆ ಮುಂದಾಳು ಬೆನ್ನ ಹಿಂದಿನಿಂದ ಕೊಡಲಿ ತೆಗೆದು ಚಾಚಾನ ಮುಂದೆ ಹಿಡಿದ. ಅತ್ತೆಯ ಮಾತು ಅವನಿಗೆ ನಾಟಿತ್ತೋ ಏನೋ. “ಇದಕ್ಕೂ ಒಂದೀಟು ಹಚ್ಚು” ಎಂದ. ಚಾಚಾ ಹಚ್ಚಿದರು. ಅಲಗಿನ ಈ ಬದಿಗೆ ಒಮ್ಮೆ, ಆ ಬದಿಗೆ ಒಮ್ಮೆ.

ಮುಂದಿನ ದಾರಿಯಲ್ಲಿ ಗಾಡಿ ನಡೆಸಿದವರು ಅವರೇ. ಊರು ಸಮೀಪಿಸಿದಾಗ ಅತ್ತೆಗೆ ಜೀವ ಬಂತು. “ಬರೋಬ್ಬರಿ ಮಾಡಿದ್ಯೋ ತಮ್ಮಾ! ನನ್ನ ಎದಿ ನಗಾರಿ ಹೊಡದಂಗ ಹೊಡೀಲಕತ್ತಿತ್ತು, ನಿನ್ನ ಕೈ ನಡಗಲಿಲ್ಲ ನೋಡು” ಎಂದು ಹೊಗಳಿದರು. ಯಜಮಾನರೂ ನಕ್ಕರು, ನಾನೂ ನಕ್ಕೆ. ನಾಲ್ವರೂ ಬದುಕಿ ಬಂದಿದ್ದೆವು, ನಗುವುದಕ್ಕೆ ಅಷ್ಟು ಸಾಕಿತ್ತು. ಚಾಚಾ ದಾರಿಯಿಂದ ಕಣ್ಣು ತೆಗೆಯಲಿಲ್ಲ. ಇಂಜಿನ್ನಿನ ಸದ್ದು ಕೇಳುತ್ತಿದ್ದಾರೆ ಅಂದುಕೊಂಡೆ. ಮನೆಯಲ್ಲಿ ಅವರ ಹೆಂಡತಿ ಓಡಿ ಬಂದವಳು ಅವರನ್ನು ದಾಟಿ ಗಾಡಿಯೊಳಗೆ ಇಣುಕಿ, “ಎಲ್ಲ್ಯಾರ್ರಿ? ಬರಲಿಲ್ಲೇನ್ರಿ?” ಎಂದು ಕೇಳಿದಳು. ಅವರು ಹಿಂದಿನಿಂದ ಮೆಲ್ಲಗೆ ಕರೆದ ಮೇಲೆ ತಿರುಗಿ ನೋಡಿ, ಆಗ ಅತ್ತಳು. ಅಷ್ಟು ದಿನದ್ದೆಲ್ಲ ಅತ್ತಳು.

ಚಾಚಾ ಎಲ್ಲಿಗೂ ಹೋಗಲಿಲ್ಲ. ಗಡ್ಡ ಬೆಳೆಯಿತು, ಕಾಲು ನೆಟ್ಟಗಾಯಿತು. ನೌಬಾದಿನ ಮನೆಗೆ ಮರಳಿ, ಮೊದಲಿನ ಹಾಗೆ ಬೆಳಿಗ್ಗೆ ಬಂದು ಬಾನೆಟ್ಟು ಎತ್ತಿ ಮೂಸತೊಡಗಿದರು. ಪೆಟ್ರೋಲು ಸಿಗತೊಡಗಿತು. ಭಾಲ್ಕಿ, ಔರಾದ ಎಲ್ಲ ಮತ್ತೆ ಶುರುವಾದವು. ಹೊಸ ಕೊಳವೆ ಹಾಕಿದರು. ಅತ್ತೆಯ ಸೆರಗಿನ ತುಂಡನ್ನು ಬಿಚ್ಚಿ, ಒಗೆದು, ಮಡಿಚಿ ತಂದುಕೊಟ್ಟರು. ಎಲ್ಲ ಸರಿಹೋಯಿತು ಎಂದು ನಾನು ತಿಳಿದಿದ್ದೆ.

ಮರುವರ್ಷದ ಖಂಡೆ ಪೂಜೆಗೆ ವಾರವಿಡೀ ಗಾಡಿಯ ಕೆಳಗೆ ಮಲಗಿ ಎಲ್ಲ ಮಾಡಿದರು. ಎಣ್ಣೆ ಬದಲಾಯಿತು, ಗ್ರೀಸು ಆಯಿತು, ಹಂಡೆಯ ಕೆಸರು ಹೋಯಿತು. ತೊಳೆದು ಒರೆಸಿ ಅಂಗಳದಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅತ್ತೆ ತಾಟು ತಂದು ಚಾಚಿದರು. ಚಾಚಾ ಕೈ ಹಿಂದೆ ತೆಗೆದುಕೊಂಡರು.

“ಬ್ಯಾಡ್ರಿ ಅವ್ವಾರ.”

“ಯಾಕ?” ಅತ್ತೆಗೆ ಸಿಟ್ಟೇ ಬಂತು. “ನಮ್ಮನಿ ಪೂಜಾ ನಿನಗ ಬ್ಯಾಡಾಯ್ತೇನು? ಯಾರರ ಏನರ ಅಂದ್ರೇನು? ಇಷ್ಟು ವರ್ಷ ಮಾಡಿದಿ, ಹೋದ ವರ್ಷ ಅಂಥಾ ಹೊತ್ತಿನ್ಯಾಗ ಮಾಡಿದಿ, ಈಗೇನು ಬಂತು?”

“ಅದಕ್ಕೇರಿ” ಎಂದರು ಚಾಚಾ. ಗಾಡಿಯ ಕಡೆ ನೋಡುತ್ತ ಮಾತಾಡಿದರು. “ಅಷ್ಟು ವರ್ಷ ಖುಷಿಲಿಂದ ಮಾಡ್ದೆ ಅವ್ವಾರ. ನೀವು ಮಾಡು ಅಂದ್ರಿ, ನಾ ಮಾಡ್ದೆ. ನಮ್ಮ ಮಂದಿ ಬೈದ್ರು, ಆದ್ರೂ ಮಾಡ್ದೆ. ಅವತ್ತೊಂದು ದಿನ ಜೀವಕ್ಕ ಅಂಜಿ ಮಾಡ್ದೆ. ಈಗ ತಾಟ ನೋಡಿದ್ರ ಅದೇ ದಿನ ನೆನಪಾಗ್ತದ್ರಿ, ಮೊದಲಿಂದು ಒಂದೂ ನೆನಪಾಗಂಗಿಲ್ಲ. ನಿಮ್ಮ ಕಾಲು ಹಿಡೀತೇನಿ, ನನಗ ಹೇಳಬ್ಯಾಡ್ರಿ.”

ಒಂದು ವರ್ಷ ನಾವು ಆ ಕಥೆಯನ್ನು ಬಂದವರಿಗೆಲ್ಲ ಹೇಳಿ ನಕ್ಕಿದ್ದೆವು. ಅವರ ಎದುರಿಗೇ ಹೇಳಿದ್ದೆವು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಯಜಮಾನರು, “ನಾ ಮಾಡ್ಲೇನವ್ವಾ?” ಎಂದು ಕೇಳಿದರು. ಅತ್ತೆ ತಾಟನ್ನು ಒಳಗೆ ಒಯ್ದರು.

ಆ ಗಾಡಿ ಆಮೇಲೆ ಎಷ್ಟೋ ವರ್ಷ ನಮ್ಮಲ್ಲಿತ್ತು. ಪ್ರತಿ ದಸರೆಗೂ ಚಾಚಾ ಅದನ್ನು ತೊಳೆದು ಅಂಗಳದಲ್ಲಿ ತಂದು ನಿಲ್ಲಿಸುತ್ತಿದ್ದರು. ಬೀಸುವ ಕಲ್ಲಿಗೆ, ಒಳಕಲ್ಲಿಗೆ, ಕತ್ತರಿ ಚೂರಿಗೆ ವಿಭೂತಿ ಹಚ್ಚುತ್ತ ಬರುವ ಅತ್ತೆ, ಗಾಡಿಯ ಮುಂದೆ ಬಂದಾಗ ತಾಟಿನ ಮೇಲೆ ಸೆರಗು ಮುಚ್ಚಿಕೊಂಡು ದಾಟಿ ಹೋಗುತ್ತಿದ್ದರು.